ಇನಾಮಿನ ಸಂಬಳ

ನಮ್ಮ ಬೇರಿಕೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರವನ್ನು ಕಾಣಬೇಕಾದರೆ ಒಂದು ಹಗಲೋ ಒಂದು ರಾತ್ರಿಯೋ ಕಳೆಯಬೇಕು. ರಾಗಿ, ಅವರೆ, ಟೊಮೇಟೊ, ಗುಲಾಬಿಗಳ ಸೀಮೆ ಇದು. ಒಂದು ಕಡೆ ಹೊಸೂರು, ಇನ್ನೊಂದು ಕಡೆ ಗಡಿಯಾಚೆಯ ಮಾಲೂರು. ಬಸ್ಸಿನ ಫಲಕ ತಮಿಳಿನಲ್ಲಿ, ಮನೆಯ ಮಾತು ಕನ್ನಡದಲ್ಲಿ, ಸಂತೆಯ ಚೌಕಾಸಿ ತೆಲುಗಿನಲ್ಲಿ. ಇಂತಹ ಊರಿನ ಹುಡುಗನೊಬ್ಬ 2022ರ ದೀಪಾವಳಿಯ ಮರುದಿನ ಬಂದು, "ಮಾವ, ನಾನು ಹಡಗಿನ ಕೆಲಸಕ್ಕೆ ಹೋಗಬೇಕೆಂದಿದ್ದೇನೆ" ಎಂದಾಗ ನಾವು ನಕ್ಕುಬಿಟ್ಟೆವು. ಊರ ಕೆರೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವನು ಅವನು.

ಹುಡುಗ ನಮ್ಮ ಅಕ್ಕನ ಕಿರಿಯ ಮಗ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದಿದ್ದ. ಅವನು ಹೇಳಿದ ಹಡಗು ಸರಕು ಸಾಗಿಸುವ ಹಡಗಲ್ಲ. ಸಾವಿರಾರು ಮಂದಿ ಶ್ರೀಮಂತರು ರಜೆ ಕಳೆಯಲು ಹತ್ತಿ, ಉಂಡು, ಕುಣಿದು, ಹೊರಟ ಬಂದರಿಗೇ ಮರಳಿ ಬಂದು ಇಳಿಯುವ ವಿಹಾರದ ಹಡಗು. ಅದರ ಊಟದ ಮನೆಯಲ್ಲಿ ಸಹಾಯಕ ಸಪ್ಲೈಯರ್ ಕೆಲಸ. ಬೆಂಗಳೂರಿನ ಏಜೆಂಟನೊಬ್ಬ ಮಾತು ಕೊಟ್ಟಿದ್ದನಂತೆ: ತಿಂಗಳಿಗೆ 1,200 ಡಾಲರು, ಊಟ ವಸತಿ ಉಚಿತ. ಅದಕ್ಕೆ ಮೂರು ಲಕ್ಷ ರೂಪಾಯಿಯನ್ನು ಮುಂಗಡವಾಗಿ ಕಟ್ಟಬೇಕು. ಅಕ್ಕ ಆಗಲೇ ಅರ್ಧ ಎಕರೆ ಗುಲಾಬಿ ತೋಟವನ್ನು ಅಡವಿಡುವ ಮಾತಾಡಿ ಬಂದಿದ್ದಳು.

"ನೀನೇ ಹೇಳಪ್ಪ, ಹೋಟೆಲಿನಲ್ಲಿ ದುಡಿದವನು ನೀನು. ಇದು ಆಗುವ ಹೋಗುವ ಮಾತೇ?" ಎಂದು ಅಕ್ಕ ನಮ್ಮ ಮುಂದೆ ಕಾಗದ ಇಟ್ಟಳು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದೆವು. 1,200 ಡಾಲರು ಎಂಬ ಅಂಕಿ ಮೇಲ್ಗಡೆ ದಪ್ಪ ಅಕ್ಷರದಲ್ಲಿತ್ತು. ಕೆಳಗೆ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ, ಮೂಲ ಸಂಬಳ 450 ಡಾಲರೆಂದೂ ಉಳಿದದ್ದು ಪ್ರಯಾಣಿಕರು ಕೊಡುವ ಸೇವಾ ಇನಾಮಿನಿಂದ ತುಂಬುವುದೆಂದೂ ಬರೆದಿತ್ತು. ಆ ಸಾಲನ್ನು ಓದಿದೊಡನೆ ನಮ್ಮ ಮನಸ್ಸು ಸುಮಾರು ಐವತ್ತು ವರ್ಷ ಹಿಂದಕ್ಕೆ ಓಡಿತು.

1975ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನಾವು ಬೆಂಗಳೂರಿನ ಒಂದು ಹೋಟೆಲನ್ನು ಸೇರಿದೆವು. ಹೋಟೆಲಿನ ಹೆಸರು ಬೇಡ. ಅದರ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು, ನಮಗೆ ಅನ್ನ ಹಾಕಿದವರೂ ಹೌದು. ಮೊದಲ ಒಂದೂವರೆ ವರ್ಷ ಕ್ಲೀನರ್ ಕೆಲಸ. ಎಂಜಲು ತಟ್ಟೆ ಎತ್ತುವುದು, ಮೇಜು ಒರೆಸುವುದು. ಸಂಬಳ ತಿಂಗಳಿಗೆ 50 ರೂಪಾಯಿ, ಮೇಲೆ ಊಟ. ಮಲಗಲು ಹಿಟ್ಟಿನ ಮೂಟೆಗಳ ಪಕ್ಕದ ಜಾಗ. ಒಂದು ದಿನ ಯಜಮಾನರು ಕರೆದು, "ನಾಳೆಯಿಂದ ನೀನು ಸಪ್ಲೈಯರ್" ಎಂದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ತಿಂಗಳ ಕೊನೆಗೆ ಗಲ್ಲಾದ ಮುಂದೆ ಕೈಯೊಡ್ಡಿದರೆ ಬಂದದ್ದು 45 ರೂಪಾಯಿ! ತಪ್ಪಿ ಎಣಿಸಿರಬಹುದೆಂದು ನಿಂತೇ ಇದ್ದೆವು. ಯಜಮಾನರು ತಲೆಯೆತ್ತದೆ ಹೇಳಿದರು: "ನಿನಗಿನ್ನು ಟೇಬಲ್ ಮೇಲೆ ಬರುತ್ತದಲ್ಲಪ್ಪ."

ಟೇಬಲ್ ಮೇಲೆ ಬರುತ್ತಿತ್ತು, ಸುಳ್ಳಲ್ಲ. ಐದು ಪೈಸೆ, ಹತ್ತು ಪೈಸೆ. ಭಾನುವಾರ ಕುಟುಂಬಸಮೇತ ಬರುವವರಿಂದ ನಾಲ್ಕಾಣೆ. ಒಳ್ಳೆಯ ತಿಂಗಳಲ್ಲಿ ಹದಿನೈದು ರೂಪಾಯಿ ಕೂಡಿದ್ದೂ ಉಂಟು. ಆಷಾಢದಲ್ಲಿ, ಪರೀಕ್ಷೆಯ ದಿನಗಳಲ್ಲಿ, ತಿಂಗಳ ಕೊನೆಯ ವಾರದಲ್ಲಿ ಏನೂ ಇಲ್ಲ. ಆಗ ನಮಗೆ ತೋಚದಿದ್ದ ಒಂದು ಲೆಕ್ಕವಿದೆ. ಗಿರಾಕಿ ನಮ್ಮ ಮೇಲಿನ ಕನಿಕರದಿಂದ ಇಟ್ಟ ಚಿಲ್ಲರೆಯಲ್ಲಿ ಮೊದಲ ಐದು ರೂಪಾಯಿ ನಮಗೆ ಬಂದದ್ದಲ್ಲ, ಯಜಮಾನರಿಗೆ ಬಂದದ್ದು. ಅಷ್ಟನ್ನು ಅವರು ಮೊದಲೇ ಹಿಡಿದುಕೊಂಡಿದ್ದರಷ್ಟೆ. 1948ರಷ್ಟು ಹಿಂದೆಯೇ ಕನಿಷ್ಠ ವೇತನದ ಕಾಯಿದೆ ಎಂಬುದೊಂದು ಬಂದಿತ್ತೆಂಬುದನ್ನು ನಾವು ಆ ಹೋಟೆಲು ಬಿಟ್ಟ ಎಷ್ಟೋ ವರ್ಷಗಳ ಮೇಲೆ ಕೇಳಿದೆವು.

ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆವು. ಒಂದು ಮಧ್ಯಾಹ್ನ ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟರು, ನಮಗೆ ಕನ್ನಡದ ಅಕ್ಷರ ತಿದ್ದಿಸಿದವರು, ಅದೇ ಹೋಟೆಲಿಗೆ ಬಂದು ನಮ್ಮ ಮೇಜಿಗೇ ಕುಳಿತರು. ನಮ್ಮ ಗುರುತು ಹಿಡಿದು ಸಂತೋಷಪಟ್ಟರು. ಮನೆಯ ಕ್ಷೇಮ ವಿಚಾರಿಸಿದರು. ದೋಸೆ ತಿಂದು, ಕಾಫಿ ಕುಡಿದು, ಏಳುವ ಮುಂಚೆ ಒಂದು ಕ್ಷಣ ತಡವರಿಸಿದರು. ಇಡದೆ ಹೋದರೆ ಹುಡುಗನಿಗೆ ನಷ್ಟ. ಇಟ್ಟರೆ ಶಿಷ್ಯನಿಗೆ ಅವಮಾನ. ಕೊನೆಗೆ ನಾಲ್ಕಾಣೆಯನ್ನು ಬಟ್ಟಲಿನ ಕೆಳಗೆ, ಯಾರಿಗೂ ಕಾಣದಂತೆ ಸರಿಸಿ, ನಮ್ಮ ಮುಖ ನೋಡದೆ ಹೊರಟುಹೋದರು. ಅದನ್ನು ನಾವು ಖರ್ಚು ಮಾಡಲಿಲ್ಲ, ಎಸೆಯಲೂ ಇಲ್ಲ. ಆಮೇಲೆ ಊರಿನ ಜಾತ್ರೆಯಲ್ಲಿ ಮೇಷ್ಟರು ಎದುರಾದಾಗ ನಮಸ್ಕಾರ ಮಾಡಿದೆವು. ಅವರು ಬೇರೆ ಏನನ್ನೋ ಮಾತಾಡಿದರು. ಒಂದು ಪುಟ್ಟ ನಾಣ್ಯ ಇಬ್ಬರ ನಡುವೆ ಕುಳಿತಿತ್ತು. ದುಡಿಮೆಗೆ ತಕ್ಕ ಸಂಬಳ ಯಜಮಾನರ ಕೈಯಿಂದಲೇ ಬರುತ್ತಿದ್ದರೆ ಆ ನಾಣ್ಯಕ್ಕೆ ಅಲ್ಲಿ ಕೆಲಸವಿರಲಿಲ್ಲ.

ನಮ್ಮ ಸೀಮೆಯ ಹಿರಿಯರಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತು. ಕಣದಲ್ಲಿ ರಾಗಿ ರಾಶಿ ಮಾಡಿದ ದಿನ ಕಮ್ಮಾರ, ಬಡಗಿ, ಅಗಸ, ನೀರುಗಂಟಿ, ತೋಟಿ ಮೊದಲಾದವರಿಗೆ ಅವರವರ ಪಾಲನ್ನು ಅಳೆದು ಕೊಡುತ್ತಿದ್ದರು. ಅದು ಆಯ; ವರುಷದ ದುಡಿಮೆಯ ಪಾಲು. ಹಬ್ಬಕ್ಕೆ ಕೊಡುವ ಹಳೆಯ ಪಂಚೆ, ಮದುವೆಯಲ್ಲಿ ಕೊಡುವ ಎಲೆ ಅಡಿಕೆ ದಕ್ಷಿಣೆ ಬೇರೆ; ಅದು ಖುಷಿ. ಆಯ ಕೊಡದವನನ್ನು ಊರು ಕೇಳಬಹುದಿತ್ತು. ಖುಷಿ ಕೊಡದವನನ್ನು ಯಾರೂ ಕೇಳುವಂತಿರಲಿಲ್ಲ. ಆ ಹಳೆಯ ಕ್ರಮವನ್ನು ಹೊಗಳಲು ಹೊರಟಿಲ್ಲ. ಕಣದ ಅಂಚಿನಲ್ಲಿ ಕೈಕಟ್ಟಿ ನಿಂತವರ ಪಾಡನ್ನು ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇವೆ. ಅಳತೆಯ ಕೈ ಯಾವ ಜಾತಿಯದಾಗಿತ್ತೆಂಬುದನ್ನೂ ಬಲ್ಲೆವು. ಆದರೂ ಎರಡಕ್ಕೂ ಎರಡು ಹೆಸರು ಇದ್ದವು.

ಈ ಹಡಗುಗಳಲ್ಲಿ ಎರಡೂ ಹೇಗೆ ಬೆರೆತುಹೋಗಿವೆ ಎಂಬುದನ್ನು ನಮ್ಮ ಓದುಗರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಈಚೆಗೆ ಹೊಸೂರು, ಬಾಗಲೂರು, ಮಾಲೂರುಗಳ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತಿದೆ. ಮಂಗಳೂರು, ಗೋವೆಗಳ ಕಡೆ ಹಡಗಿನ ಉದ್ಯೋಗ ತಲೆಮಾರುಗಳಿಂದ ಬಂದದ್ದು. ಅಲ್ಲಿ ಮನೆಗೊಬ್ಬ ಹಿರಿಯರಿದ್ದು ಕಾಗದ ಓದಿ ಹೇಳುತ್ತಾರೆ. ನಮಗೆ ಆ ಅನುಕೂಲವಿಲ್ಲ.

ಅಮೆರಿಕದ ಕಡೆಯ ದೊಡ್ಡ ವಿಹಾರ ಹಡಗುಗಳಲ್ಲಿ ಪ್ರಯಾಣಿಕ ಮೇಜಿನ ಮೇಲೆ ಚಿಲ್ಲರೆ ಇಡುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಇನಾಮು ಅವನ ಲೆಕ್ಕಕ್ಕೆ ತಾನಾಗಿಯೇ ಸೇರುತ್ತದೆ. ತಲೆಯೊಂದಕ್ಕೆ ದಿನಕ್ಕೆ ಸುಮಾರು 16ರಿಂದ 20 ಡಾಲರು. ದೊಡ್ಡ ಕೋಣೆಯವರಿಗೆ ಸ್ವಲ್ಪ ಹೆಚ್ಚು. ದಿನಕ್ಕೆ 16 ಡಾಲರೆಂದೇ ಹಿಡಿದರೂ ನಾಲ್ಕು ಮಂದಿಯ ಕುಟುಂಬ ಏಳು ದಿನ ತಿರುಗಿದರೆ 448 ಡಾಲರಾಯಿತು. ಈ ಹಣ ಒಂದು ನಿಧಿಯಾಗಿ ಕೂಡಿ, ಕೋಣೆ ಒಪ್ಪಮಾಡುವವರಿಗೆ, ಊಟ ಬಡಿಸುವವರಿಗೆ, ಅನೇಕ ಕಂಪೆನಿಗಳಲ್ಲಿ ಪ್ರಯಾಣಿಕರ ಕಣ್ಣಿಗೇ ಬೀಳದೆ ಪಾತ್ರೆ ತೊಳೆಯುವವರಿಗೆ, ಬಟ್ಟೆ ಒಗೆಯುವವರಿಗೂ ಹಂಚಿಹೋಗುತ್ತದೆ. ಪಾನೀಯಗಳ ಮೇಲೆ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಬೇರೆ. ಕೆಲವು ಬಹು ದುಬಾರಿಯ ಹಡಗುಗಳು ಟಿಕೆಟ್ಟಿನ ಬೆಲೆಯಲ್ಲಿಯೇ ಎಲ್ಲವನ್ನೂ ಸೇರಿಸಿಬಿಡುತ್ತವೆ. ಇಂಗ್ಲೆಂಡಿನ ಪಿ ಅಂಡ್ ಓ ಕ್ರೂಸಸ್ ಕಂಪೆನಿ 2019ರ ಮೇ ತಿಂಗಳಿನಿಂದ ಈ ದಿನವಹಿ ಸೇವಾಶುಲ್ಕವನ್ನು ಬೇರೆಯಾಗಿ ಹಾಕುವುದನ್ನೇ ಕೈಬಿಟ್ಟಿತು.

ಉಳಿದ ಕಡೆ, ಲೆಕ್ಕಕ್ಕೆ ಸೇರಿದ ಈ ಇನಾಮು ಕಡ್ಡಾಯವಲ್ಲ. ಇಷ್ಟವಿಲ್ಲದ ಪ್ರಯಾಣಿಕ ಕೌಂಟರಿಗೆ ಹೋಗಿ ತೆಗೆಸಿಬಿಡಬಹುದು. ಅನೇಕರು ಕೊನೆಯ ರಾತ್ರಿ ಹಾಗೆ ಮಾಡುತ್ತಾರೆಂದು ನಮ್ಮ ಹುಡುಗ ಆಮೇಲೆ ಹೇಳಿದ. ಯಾರು ತೆಗೆಸಿದರೆಂಬುದು ಬಡಿಸುವವನಿಗೆ ತಿಳಿಯದು. ಲೆಕ್ಕ ಬಂದಾಗ ಮೊತ್ತ ಇಳಿದಿರುತ್ತದೆ, ಅಷ್ಟೆ. ಹೀಗಾಗಿ ಕೊಟ್ಟವನಿಗೂ ಕೊಡದವನಿಗೂ ಒಂದೇ ನಗೆ ಬೀರಬೇಕು.

ಇನ್ನು ಕಾಗದದಲ್ಲಿದ್ದ ಸಂಬಳದ ಮಾತು. ಮೂಲ ಸಂಬಳ ಒಂದು. ಅದರ ಮೇಲೆ ಕಂಪೆನಿ, ಇನಾಮೂ ಸೇರಿ ಇಷ್ಟಕ್ಕೆ ಕಡಿಮೆಯಾಗದೆಂದು ಒಂದು ಮಟ್ಟವನ್ನು ಖಾತರಿಯಾಗಿ ಗುರುತಿಸುತ್ತದೆ. ಇನಾಮು ಆ ಮಟ್ಟ ಮುಟ್ಟದಿದ್ದರೆ ಕೊರತೆಯನ್ನು ಕಂಪೆನಿ ತುಂಬಿಕೊಡಬೇಕು. ಕೇಳಲು ಧರ್ಮವೇ ಸರಿ. ಆದರೆ ತಿರುಗಿಸಿ ನೋಡಿ: ಆ ಮಟ್ಟ ಮುಟ್ಟುವವರೆಗೆ ಪ್ರಯಾಣಿಕ ಕೊಡುವ ಒಂದೊಂದು ಡಾಲರೂ ಹುಡುಗನ ಜೇಬನ್ನು ತುಂಬುವುದಿಲ್ಲ, ಕಂಪೆನಿ ಕೊಡಬೇಕಾಗಿದ್ದ ಡಾಲರನ್ನು ಉಳಿಸುತ್ತದೆ. ನಮ್ಮ ಯಜಮಾನರು ಹಿಡಿದುಕೊಂಡ ಐದು ರೂಪಾಯಿಯೇ ಇಲ್ಲಿ ಸೂಟು ಬೂಟು ಹಾಕಿಕೊಂಡು ಬಂದಿದೆ.

ಇದು ಹಡಗಿನವರು ಹೊಸದಾಗಿ ಕಂಡುಹಿಡಿದ ಉಪಾಯವಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಇನಾಮು ಪಡೆಯುವ ಕೆಲಸಗಾರನಿಗೆ ಮಾಲೀಕ ಗಂಟೆಗೆ 2 ಡಾಲರು 13 ಸೆಂಟು ಕೊಟ್ಟರೆ ಸಾಕು. ಉಳಿದವರಿಗೆ ನಿಗದಿಯಾದ 7 ಡಾಲರು 25 ಸೆಂಟಿನವರೆಗಿನ ಅಂತರವನ್ನು ಗಿರಾಕಿಗಳ ಇನಾಮಿನಿಂದ ತುಂಬಿಸಿಕೊಳ್ಳಬಹುದು. ಆ ಮೊದಲನೆಯ ಅಂಕಿ 1991ರಿಂದ ಒಂದು ಸೆಂಟೂ ಏರಿಲ್ಲ. ಅದಕ್ಕೂ ಹಿಂದೆ, ಪುಲ್‌ಮನ್ ಕಂಪೆನಿಯ ಮಲಗುವ ರೈಲುಗಾಡಿಗಳಲ್ಲಿ ಹಾಸಿಗೆ ಹಾಸುತ್ತಿದ್ದ ಕರಿಯ ಜನಾಂಗದ ಪೋರ್ಟರುಗಳು ಅಲ್ಪ ಸಂಬಳಕ್ಕೆ ದುಡಿದು ಪ್ರಯಾಣಿಕರ ಇನಾಮನ್ನು ನಂಬಿ ಬದುಕುತ್ತಿದ್ದರು. ಪ್ರಯಾಣಿಕರು ಅವರನ್ನೆಲ್ಲ ಒಂದೇ ಹೆಸರಿನಿಂದ "ಜಾರ್ಜ್" ಎಂದು ಕರೆಯುತ್ತಿದ್ದರಂತೆ, ನಮ್ಮನ್ನೆಲ್ಲ "ಮಾಣಿ" ಎಂದು ಕರೆದಂತೆ. ಅವರು 1925ರಲ್ಲಿ ಫಿಲಿಪ್ ರಾಂಡಾಲ್ಫ್ ಅವರ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಕಂಪೆನಿ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ.

ಅಷ್ಟು ದೂರ ಏಕೆ? 1957ರಲ್ಲಿ, ಕಾಫಿ ಬೋರ್ಡಿನ ಕಾಫಿ ಹೌಸುಗಳು ಮುಚ್ಚಿ ಕೆಲಸಗಾರರು ಬೀದಿಗೆ ಬಿದ್ದಾಗ, ಬೆಂಗಳೂರಿನಲ್ಲಿ ಕೆಲಸಗಾರರೇ ಸೇರಿ ಸಹಕಾರ ಸಂಘ ಮಾಡಿಕೊಂಡರು. ಎ.ಕೆ. ಗೋಪಾಲನ್ ಅವರ ಪ್ರೋತ್ಸಾಹ ಅದಕ್ಕಿತ್ತು. ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸಿನಲ್ಲಿ, ಅದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಗುವ ಮುಂಚೆ, ಬಿಳಿಯ ಸಮವಸ್ತ್ರ, ಪೇಟ, ನಡುಪಟ್ಟಿ ಧರಿಸಿ ಕಾಫಿ ತಂದಿಡುತ್ತಿದ್ದವರನ್ನು ನಾವು ಬಿಡುವಿನ ದಿನಗಳಲ್ಲಿ ಹೋಗಿ ನೋಡುತ್ತಿದ್ದೆವು. ಅಲ್ಲಿಯೂ ಮೇಜಿನ ಮೇಲೆ ಚಿಲ್ಲರೆ ಬೀಳುತ್ತಿತ್ತು. ಆದರೆ ಅದನ್ನು ಎತ್ತಿಕೊಳ್ಳುವ ಕೈಯಲ್ಲಿ ಆತುರವಿರಲಿಲ್ಲ. ಅಥವಾ ಆ ವಯಸ್ಸಿನ ನಮ್ಮ ಕಣ್ಣಿಗೆ ಹಾಗೆ ಕಂಡಿತೋ ಏನೋ.

ಏಜೆಂಟನ ಕಾಗದಕ್ಕೆ ಮರಳೋಣ. ಕಡಲ ಕಾರ್ಮಿಕರ ಬಗೆಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯೊಂದಿದೆ. 2013ರಿಂದ ಜಾರಿಯಲ್ಲಿರುವ ಅದನ್ನು ನಮ್ಮ ದೇಶ 2015ರಲ್ಲಿ ಒಪ್ಪಿಕೊಂಡಿತು. ಕೆಲಸ ಕೊಡಿಸಿದ್ದಕ್ಕೆಂದು ನಾವಿಕನಿಂದ ಶುಲ್ಕ ಕೀಳಬಾರದು ಎಂಬುದು ಅದರ ಕಟ್ಟಳೆ. ಪಾಸ್‌ಪೋರ್ಟು, ವೈದ್ಯಕೀಯ ಪ್ರಮಾಣಪತ್ರ, ನಾವಿಕನ ದಾಖಲೆ ಪುಸ್ತಕ ಇವುಗಳ ಖರ್ಚು ಮಾತ್ರ ಅವನದು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಹತ್ತು ಗಂಟೆಯಾದರೂ, ವಾರದಲ್ಲಿ 77 ಗಂಟೆಯಾದರೂ ವಿಶ್ರಾಂತಿ ಸಿಗಬೇಕು. ಒಪ್ಪಂದ ಮುಗಿದಾಗ ಊರಿಗೆ ಕಳಿಸುವ ಹೊಣೆ ಹಡಗಿನ ಒಡೆಯನದು. ನಮ್ಮ ದೇಶದಲ್ಲಿ ನಾವಿಕರನ್ನು ಸೇರಿಸುವ ಸಂಸ್ಥೆಗಳು ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದಿರಬೇಕು. ಪರವಾನಗಿ ಇರುವವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಾವು ನೋಡಿದೆವು. ಮೂರು ಲಕ್ಷ ಕೇಳಿದವನ ಹೆಸರು ಅದರಲ್ಲಿ ಇರಲಿಲ್ಲ.

ಸಂಬಳದ ವಿಷಯದಲ್ಲಿ ಮಾತ್ರ ಒಡಂಬಡಿಕೆಯ ಕೈ ಅಷ್ಟು ಉದ್ದವಿಲ್ಲ. ನುರಿತ ನಾವಿಕನೊಬ್ಬನಿಗೆ ತಿಂಗಳಿಗೆ ಕನಿಷ್ಠ ಮೂಲ ಸಂಬಳ ಇಷ್ಟಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗೊತ್ತುಮಾಡುತ್ತದೆ. 2025ರ ಜನವರಿಯಿಂದ ಅದು 673 ಡಾಲರಾಗಿತ್ತು. ಅದು ಡೆಕ್ಕಿನ ಮೇಲೆ ದುಡಿಯುವ ನಾವಿಕನ ಅಳತೆ. ಊಟ ಬಡಿಸುವವನಿಗೆ ಅವನ ಒಪ್ಪಂದವೇ ಅಳತೆ. ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಜನರನ್ನೇ ತುಂಬಿಕೊಂಡಿರಬಹುದು. ಆದರೆ ಅದು ಬಹಾಮಾಸ್, ಪನಾಮಾಗಳಲ್ಲಿ ನೋಂದಣಿಯಾಗಿ ಅಲ್ಲಿನ ಬಾವುಟ ಹಾರಿಸುತ್ತಿದ್ದರೆ ಅಮೆರಿಕದ ಕನಿಷ್ಠ ವೇತನದ ಕಾನೂನು ಅದರ ಪರದೇಶಿ ಸಿಬ್ಬಂದಿಗೆ ಸಲ್ಲುವುದಿಲ್ಲ. ಗಡಿಯಲ್ಲಿ ಬದುಕುವ ನಮಗೆ ಇದು ಹೊಸತೇನಲ್ಲ. ಯಾವ ಸರ್ಕಾರದ ಕಾನೂನು ಎಲ್ಲಿ ಮುಗಿಯುತ್ತದೆಂಬುದನ್ನು ನಮ್ಮ ಹೊಲದ ಬದುಗಳೂ ಬಲ್ಲವು.

ಈ ಲೆಕ್ಕವನ್ನೆಲ್ಲ ಹುಡುಗನ ಮುಂದೆ ಬಿಡಿಸಿಟ್ಟೆವು. ಅವನು ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ಮಾವ, ಇಲ್ಲಿ ಮಾತ್ರ ಏನಿದೆ? ಬೆಂಗಳೂರಿನ ಹೋಟೆಲಿನಲ್ಲಿ ಬಿಲ್ಲಿಗೆ ಸರ್ವೀಸ್ ಚಾರ್ಜ್ ಸೇರಿಸುತ್ತಿದ್ದರು. ಅದರಲ್ಲಿ ನಮ್ಮ ಕೈಗೆ ಎಷ್ಟು ಬಂತೆಂದು ನಾನು ಕೇಳಿದ್ದಕ್ಕೆ ಮ್ಯಾನೇಜರು ಒಂದು ವಾರ ನನ್ನನ್ನು ರಾತ್ರಿ ಪಾಳಿಗೆ ಹಾಕಿದರು." ಉತ್ತರ ಕೊಡಲು ನಮಗೆ ತಿಳಿಯಲಿಲ್ಲ. ಹಾಗೆ ಸೇವಾಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತ್ತು; ದೆಹಲಿಯ ಉಚ್ಚ ನ್ಯಾಯಾಲಯ 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ಗ್ರಾಹಕನಿಗೆ ನ್ಯಾಯ ಸಿಕ್ಕಿತು, ಸರಿ. ಬಡಿಸುವವನ ಸಂಬಳದ ಮಾತು ಅಲ್ಲಿಯೂ ಬದಿಗೇ ಉಳಿಯಿತು.

ಅವನು ಹೋದ. ತೋಟ ಅಡವಿಡಲಿಲ್ಲ. ಪರವಾನಗಿ ಇದ್ದ ಸಂಸ್ಥೆಯೊಂದರ ಮೂಲಕ, ಸಂದರ್ಶನ ಕೊಟ್ಟು, ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಮೊದಲಾದ ಕಡ್ಡಾಯ ತರಬೇತಿ ಮುಗಿಸಿ, 2023ರ ಬೇಸಗೆಯಲ್ಲಿ ಹೊರಟ. ತರಬೇತಿಗೂ ಕಾಗದಪತ್ರಗಳಿಗೂ ಆದ ಖರ್ಚನ್ನು ಅಕ್ಕ ಚೀಟಿ ಎತ್ತಿ ಕೊಟ್ಟಳು. 2020ರಲ್ಲಿ ಸಾಂಕ್ರಾಮಿಕದ ಕಾಲಕ್ಕೆ ಈ ಹಡಗುಗಳು ಬಂದರಿನಿಂದ ಬಂದರಿಗೆ ಅಲೆದಾಡಿ, ಪ್ರಯಾಣಿಕರು ಇಳಿದುಹೋದ ಮೇಲೂ ಸಿಬ್ಬಂದಿಯವರು ತಿಂಗಳುಗಟ್ಟಲೆ ಊರಿಗೆ ಬರಲಾರದೆ ಉಳಿದದ್ದನ್ನು ಅವಳು ದೂರದರ್ಶನದಲ್ಲಿ ನೋಡಿದ್ದಳು. ಹೊರಡುವ ದಿನ ಅದನ್ನು ಬಾಯಿಗೆ ತರಲಿಲ್ಲ. ಹುರಿಹಿಟ್ಟಿನ ಡಬ್ಬಿಯನ್ನು ಮಾತ್ರ ಮೂರು ಸಲ ಕಟ್ಟಿ ಬಿಚ್ಚಿದಳು.

ಎಂಟು ತಿಂಗಳ ಒಪ್ಪಂದ ಮುಗಿಸಿ ಬಂದವನು ಸೊರಗಿದ್ದ. ಆದರೆ ನಡಿಗೆಯಲ್ಲಿ ಒಂದು ಭರವಸೆಯಿತ್ತು. ನಮ್ಮ ಮಾತಿನಂತೆ ಅವನೊಂದು ಪುಟ್ಟ ನೋಟುಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟಿದ್ದ. ವಾರಕ್ಕೆ ಏಳು ದಿನ, ದಿನಕ್ಕೆ ಹತ್ತು ಹನ್ನೊಂದು ಗಂಟೆ ಕೆಲಸ. ಇಬ್ಬರಿಗೊಂದು ಕಿಟಕಿಯಿಲ್ಲದ ಕೋಣೆ; ಜೊತೆಗಾರ ಇಂಡೋನೇಷ್ಯಾದವನು. ಎಂಟು ತಿಂಗಳಲ್ಲಿ ಮೂರು ತಿಂಗಳು ಖಾತರಿಯ ಮಟ್ಟಕ್ಕಿಂತ ಮೇಲೆ ಬಂದಿತ್ತು. ಐದು ತಿಂಗಳು ಸರಿಯಾಗಿ ಆ ಮಟ್ಟಕ್ಕೇ ನಿಂತಿತ್ತು. ಆ ಐದು ತಿಂಗಳು ಪ್ರಯಾಣಿಕರು ಕೊಟ್ಟದ್ದರಿಂದ ಅವನಿಗೆ ಒಂದು ಡಾಲರೂ ಹೆಚ್ಚಾಗಲಿಲ್ಲ. ಊರಿಗೆ ಬಂದ ಎರಡೂವರೆ ತಿಂಗಳಿಗೆ ಸಂಬಳವಿಲ್ಲ. ಎಂಟು ತಿಂಗಳ ಗಳಿಕೆಯನ್ನು ಹತ್ತೂವರೆ ತಿಂಗಳಿಗೆ ಹಂಚಿ ನೋಡಬೇಕೆಂದು ನಾವು ಹೇಳಿದಾಗ ಅವನು ಅದನ್ನೂ ಆಗಲೇ ಮಾಡಿದ್ದನೆಂದು ತಿಳಿಯಿತು. ಹಾಗೆ ಹಂಚಿದರೂ ಬೆಂಗಳೂರಿನಲ್ಲಿ ಬರುತ್ತಿದ್ದುದರ ಮೂರರಷ್ಟಕ್ಕೆ ಸ್ವಲ್ಪ ಕಡಿಮೆ. ಹೋದದ್ದು ತಪ್ಪೆಂದು ನಾವು ಹೇಳಲಾರೆವು.

ಆ ನಡುವೆ ಆನೇಕಲ್ಲಿನ ಕಡೆಯಿಂದ ಹೆಣ್ಣಿನವರು ಬಂದರು. ಕಾಫಿ ಕುಡಿಯುತ್ತ ಹುಡುಗಿಯ ತಂದೆ, "ಸಂಬಳ ಎಷ್ಟೋ?" ಎಂದು ಕೇಳಿದರು. ಅಕ್ಕ ನಮ್ಮ ಮುಖ ನೋಡಿದಳು. ಖಾತರಿಯ ಅಂಕಿ ಹೇಳಬಹುದಿತ್ತು, ಸುಳ್ಳಾಗುತ್ತಿರಲಿಲ್ಲ. ಹುಡುಗ ತಾನೇ ಬಾಯಿಬಿಟ್ಟು ಮೂಲ ಸಂಬಳ ಇಷ್ಟು, ಉಳಿದದ್ದು ಜನ ಕೊಡುವ ಇನಾಮು, ವರ್ಷದಲ್ಲಿ ಇಷ್ಟು ತಿಂಗಳು ಬರಿಗೈ ಎಂದು ಬಿಡಿಸಿ ಹೇಳಿದ. ಅವರು ತಲೆಯಾಡಿಸಿ ಹೋದರು. ಆ ಸಂಬಂಧ ಕೂಡಿ ಬರಲಿಲ್ಲ. ಕಾರಣ ಇದೇ ಎಂದು ಹೇಳಲು ನಮಗೆ ಅಧಿಕಾರವಿಲ್ಲ, ಜಾತಕವೂ ಹೊಂದಿರಲಿಲ್ಲವಂತೆ.

ಎರಡನೆಯ ಒಪ್ಪಂದಕ್ಕೆ ಹೊರಡುವ ಮುನ್ನ ನಾವಿಬ್ಬರೂ ಹೊಸೂರಿಗೆ ಹೋಗಿ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಬಡಿಸಿದವನು ಒಡಿಶಾದ ಹುಡುಗ, ಹದಿನೆಂಟು ಹತ್ತೊಂಬತ್ತು ಇರಬಹುದು. ಬಿಲ್ಲು ಬಂದಾಗ ನಾವು ರೂಢಿಯಂತೆ ಸೋಂಪಿನ ತಟ್ಟೆಯಲ್ಲಿ ಇಪ್ಪತ್ತು ರೂಪಾಯಿ ಇಡಹೋದೆವು. ನಮ್ಮ ಅಳಿಯ ನಮ್ಮ ಕೈ ತಡೆದು, ಆ ಹುಡುಗನನ್ನು ಹತ್ತಿರ ಕರೆದು, ತನ್ನ ಹರಕು ಹಿಂದಿಯಲ್ಲಿ ಕೇಳಿದ: "ತಿಂಗಳಿಗೆ ಎಷ್ಟು ಕೊಡುತ್ತಾರೆ?" ಹುಡುಗ ಗಲ್ಲಾದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಒಂದು ಅಂಕಿ ಹೇಳಿದ. "ಮತ್ತೆ ಟಿಪ್ಸು?" "ಅದನ್ನು ಸೇರಿಸಿಯೇ ಅಣ್ಣ" ಎಂದ.

ಹೊಸ ಒಪ್ಪಂದದ ಒಂದು ಪ್ರತಿಯನ್ನು ಅವನು ಅಕ್ಕನ ಕೈಯಲ್ಲಿ ಕೊಟ್ಟು ಹೋಗಿದ್ದಾನೆ. ಮೂಲ ಸಂಬಳದ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾನೆ. ಅಕ್ಕ ಅದನ್ನು ತಗಡಿನ ಪೆಟ್ಟಿಗೆಯಲ್ಲಿ, ಗುಲಾಬಿ ತೋಟದ ಪಟ್ಟಾದ ಜೊತೆಯಲ್ಲಿ ಇಟ್ಟಿದ್ದಾಳೆ.